ಹಳೇ ಕಾರಿನ ಎಂಟು ಎಂಓಟಿ

2017ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ನನ್ನ ಮೊದಲ ಕಾರು ಕೊಳ್ಳುವಾಗ ನಾನು ನೋಡಿದ್ದು ಮೂರೇ ಮೂರು ವಿಷಯ. ಸೀಟಿನ ಬಟ್ಟೆ ಹರಿದಿದೆಯಾ, ಹೀಟರ್ ಬಿಸಿ ಗಾಳಿ ಬಿಡುತ್ತಾ, ಡಿಕ್ಕಿಯಲ್ಲಿ ಮಗುವಿನ ತಳ್ಳುಗಾಡಿ ಹಿಡಿಯುತ್ತಾ. ಮೂರರಲ್ಲೂ ಕಾರು ಪಾಸಾಯಿತು. 3,200 ಪೌಂಡ್ ಕೊಟ್ಟು ಮನೆಗೆ ತಂದೆವು.

ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕು. ಯಾವ ಕಂಪನಿಯದು ಅನ್ನುವುದು ಬೇಡ, ಈ ಕಥೆ ಅವರದ್ದಲ್ಲ. ನಂಬರ್ ಪ್ಲೇಟಿನ ನಡುವೆ 60 ಅಂತ ಇತ್ತು. ಇಲ್ಲಿ ಕಾರಿನ ವಯಸ್ಸನ್ನು ಯಾರೂ ಕೇಳಬೇಕಾಗಿಲ್ಲ, ಪ್ಲೇಟೇ ಹೇಳುತ್ತದೆ. ಮಾರ್ಚ್‌ನಿಂದ ನೋಂದಣಿಯಾದವಕ್ಕೆ ಆ ವರ್ಷದ ಕೊನೆಯ ಎರಡು ಅಂಕಿ, ಸೆಪ್ಟೆಂಬರಿನಿಂದ ನೋಂದಣಿಯಾದವಕ್ಕೆ ಅದಕ್ಕೆ 50 ಕೂಡಿಸಿದ ಅಂಕಿ. 60 ಅಂದರೆ 2010ರ ಸೆಪ್ಟೆಂಬರಿಗೂ 2011ರ ಫೆಬ್ರವರಿಗೂ ನಡುವೆ ಹುಟ್ಟಿದ್ದು. ನಮ್ಮದು ಸೆಪ್ಟೆಂಬರಿನ ಕೂಸು. ಹಾಗಾಗಿ ಪ್ರತಿ ಸೆಪ್ಟೆಂಬರಿನಲ್ಲಿ ಅದರ ಪರೀಕ್ಷೆ.

ಆ ಪರೀಕ್ಷೆಗೆ ಎಂಓಟಿ ಅಂತಾರೆ. ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಅನ್ನುವ ಹೆಸರಿನ ಇಲಾಖೆ ಯಾವತ್ತೋ ಹೋಯಿತು, ಅದರ ಮೂರಕ್ಷರ ಮಾತ್ರ ಉಳಿದಿದೆ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಮಾಡಿಸಲೇಬೇಕು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ನಾಲ್ಕು ವರ್ಷ. ಇಲ್ಲದಿದ್ದರೆ 1,000 ಪೌಂಡಿನವರೆಗೂ ದಂಡ. ಇದನ್ನು ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ನಕ್ಕರು. "ಏಳು ವರ್ಷದ ಕಾರಿಗೆ ಎಫ್‌ಸಿನಾ? ಇಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ಯಾರೂ ತಲೆ ಕೆಡಿಸ್ಕೊಳ್ಳಲ್ಲ." ಅಪ್ಪ ಸಾರಿಗೆ ಸಂಸ್ಥೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಸ್ಸಿನ ಅಡಿಯಲ್ಲೇ ಅರ್ಧ ಆಯಸ್ಸು ಕಳೆದಿದ್ದಾರೆ. ಹಾಗಾಗಿ ಮುಂದಿನ ಎಂಟು ವರ್ಷ ನನ್ನ ಕಾರಿನ ಪರೀಕ್ಷೆಯ ಫಲಿತಾಂಶ ಮೊದಲು ಹೋಗುತ್ತಿದ್ದದ್ದು ಅವರಿಗೆ.

ಕೊಳ್ಳುವ ಮುಂಚೆ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ್ದೆ, ಅದನ್ನೂ ಅರ್ಧಂಬರ್ಧ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ 2005ರಿಂದ ನಡೆದ ಎಂಓಟಿಗಳ ದಾಖಲೆ ಸರ್ಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಂಬರ್ ಹಾಕಿದರೆ ಸಾಕು: ಯಾವ ದಿನ, ಎಷ್ಟು ಮೈಲಿ ಓಡಿತ್ತು, ಪಾಸೋ ಫೇಲೋ, ಫೇಲಾದರೆ ಏಕೆ, ಪಾಸಾದರೂ ಏನೇನು ಎಚ್ಚರಿಕೆ. ಆ ಎಚ್ಚರಿಕೆಗೆ ಅಡ್ವೈಸರಿ ಅನ್ನುತ್ತಾರೆ. 'ಈ ಸಲ ಬಿಟ್ಟಿದ್ದೇನೆ, ಕಣ್ಣಿಟ್ಟಿರು' ಅಂತ ಅದರ ಅರ್ಥ. ನಮ್ಮ ಕಾರು 2013ರಲ್ಲಿ ಪಾಸು, 2014ರಲ್ಲಿ ಪಾಸು, 2015ರಲ್ಲಿ ಫೇಲು, ಅದೇ ದಿನ ಮತ್ತೆ ಪಾಸು, 2016ರಲ್ಲಿ ಒಂದು ಅಡ್ವೈಸರಿಯೊಂದಿಗೆ ಪಾಸು.

ಫೇಲ್ ಅನ್ನುವ ಪದ ನೋಡಿ ಹೆದರಿದೆ. ಬಿಡಿಸಿ ನೋಡಿದರೆ ಒಂದು ಬ್ರೇಕ್ ಲೈಟಿನ ಬಲ್ಬು ಮತ್ತು ಒಂದು ಸವೆದ ಟೈರು. ಸರಿ, ಇದೇನು ದೊಡ್ಡದಲ್ಲ ಅಂದುಕೊಂಡೆ. ಅಷ್ಟು ಸರಿಯಾಗಿಯೇ ಅಂದುಕೊಂಡಿದ್ದೆ. ತಪ್ಪಿದ್ದು 2016ರ ಪಾಸಿನಲ್ಲಿ. 'ಮುಂದಿನ ಎರಡೂ ಟೈರುಗಳ ಒಳಅಂಚು ಸವೆದಿದೆ' ಅಂತ ಅಲ್ಲಿ ಒಂದು ಸಾಲಿತ್ತು. ಪಾಸಾಗಿದೆಯಲ್ಲ ಅಂತ ಅದನ್ನು ಓದಿಯೂ ಓದದವಳ ಹಾಗೆ ಮುಂದೆ ಹೋದೆ. ಆ ಸಾಲು ಮುಂದಿನ ಮೂರು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಮೊದಲ ಪರೀಕ್ಷೆ, 2017ರ ಸೆಪ್ಟೆಂಬರ್, ಕಾರಿಗೆ ಏಳು. ಒಳಗೆ ಹೋಗುವ ಹಾಗಿಲ್ಲ, ಪಕ್ಕದಲ್ಲಿ ನಿಂತು ನೋಡಲು ಜಾಗ ಮಾಡಿರುತ್ತಾರೆ. ಮುಕ್ಕಾಲು ಗಂಟೆಯ ಕೆಲಸ. ದೀಪ, ಹಾರ್ನ್, ವೈಪರ್, ಸೀಟ್ ಬೆಲ್ಟ್ ಎಲ್ಲ ಆದ ಮೇಲೆ ಮುಂದಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ಒತ್ತುತ್ತಾರೆ, ಎಡ ಎಷ್ಟು ಬಲ ಎಷ್ಟು ಅಂತ ಪರದೆಯಲ್ಲಿ ಅಂಕಿ ಓಡುತ್ತದೆ. ಆಮೇಲೆ ಕಾರನ್ನು ಮೇಲೆತ್ತಿ, ಚಕ್ರ ಹಿಡಿದು ಅಲುಗಿಸಿ, ಕಬ್ಬಿಣದ ಸಣ್ಣ ಸನಿಕೆಯಂಥದ್ದರಿಂದ ರಬ್ಬರ್ ಜಾಗಗಳನ್ನು ಮೀಟಿ ನೋಡುತ್ತಾರೆ. ಬಿಚ್ಚುವುದು ಮಾತ್ರ ಏನನ್ನೂ ಇಲ್ಲ. ಒಂದು ಸ್ಕ್ರೂ ಕೂಡ ಬಿಚ್ಚುವ ಹಾಗಿಲ್ಲ. ಎಂಜಿನ್ ಆರೋಗ್ಯ, ಕ್ಲಚ್ಚು, ಗೇರ್‌ಬಾಕ್ಸು ಇವು ಪರೀಕ್ಷೆಯ ಲೆಕ್ಕದಲ್ಲೇ ಇಲ್ಲ. ಇದು ನನಗೆ ಆವತ್ತೇ ಗೊತ್ತಾಗಿದ್ದು. ಕ್ಲಚ್ ಸುಟ್ಟುಹೋಗುವ ಹಂತದಲ್ಲಿರುವ ಕಾರೂ ನಗುನಗುತ್ತಾ ಪಾಸಾಗಬಹುದು.

ಪಾಸಾಯಿತು. ಅಡ್ವೈಸರಿ: ಮುಂದಿನ ಟೈರುಗಳ ಒಳಅಂಚು. ಕಾನೂನು ಕೇಳುವುದು ಟೈರಿನ ನಡುವಿನ ಮುಕ್ಕಾಲು ಅಗಲದಲ್ಲಿ, ಸುತ್ತಲೂ, ಕನಿಷ್ಠ 1.6 ಮಿಲಿಮೀಟರ್ ಆಳದ ಗೀರು. ನಮ್ಮದು ಅದನ್ನು ಸ್ವಲ್ಪದರಲ್ಲೇ ದಾಟಿತ್ತು. ನಾನು ಎರಡು ಹೊಸ ಟೈರ್ ಹಾಕಿಸಿ, ವೀಲ್ ಅಲೈನ್‌ಮೆಂಟ್ (ಚಕ್ರಗಳ ಓರೆ ಸರಿಪಡಿಸುವ ಕೆಲಸ) ಮಾಡಿಸಿ ಬೀಗಿದೆ.

2018 ನಗೆಪಾಟಲಿನ ವರ್ಷ. ಆ ವರ್ಷದ ಮೇ 20ರಿಂದ ಪರೀಕ್ಷೆಯ ನಿಯಮ ಬದಲಾಗಿತ್ತು. ದೋಷಗಳನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಅಂತ ವಿಂಗಡಿಸಿದರು. ಮೊದಲೆರಡಕ್ಕೆ ಫೇಲು, ಅಪಾಯಕಾರಿ ಅಂತ ಬರೆದರೆ ಸರಿಮಾಡಿಸುವವರೆಗೂ ಓಡಿಸುವಂತಿಲ್ಲ. ಹೊಸ ನಿಯಮದಲ್ಲಿ ಏನಾಗುತ್ತದೋ ಅಂತ ವಾರಗಟ್ಟಲೆ ತಲೆಕೆಡಿಸಿಕೊಂಡು ಹೋದೆ. ಫೇಲಾದದ್ದು ಗಾಜು ತೊಳೆಯುವ ನೀರಿನ ಡಬ್ಬಿ ಖಾಲಿಯಿದ್ದದ್ದಕ್ಕೆ. ಪರೀಕ್ಷಕರೇ ಒಂದು ಜಗ್ ನೀರು ಸುರಿದರು, ಪಾಸಾಯಿತು. ಸ್ಥಳದಲ್ಲೇ, ಒಂದು ಗಂಟೆಯೊಳಗೆ ಸರಿಪಡಿಸಬಹುದಾದದ್ದಕ್ಕೆ ಆ ಅವಕಾಶ ಇದೆ. ಆದರೆ ದಾಖಲೆಯಲ್ಲಿ ಫೇಲು ಅಳಿಯುವುದಿಲ್ಲ. ಒಂದು ಜಗ್ ನೀರಿನ ಫೇಲು ನಮ್ಮ ಕಾರಿನ ಜಾತಕದಲ್ಲಿ ಇವತ್ತಿಗೂ ಇದೆ.

ಇಲ್ಲಿಯವರೆಗಿನದ್ದೆಲ್ಲ, ಈಗ ಹಿಂತಿರುಗಿ ನೋಡಿದರೆ, ಕಾರಿನ ತಪ್ಪಲ್ಲ. ಬಲ್ಬು, ಟೈರು, ನೀರು ಇವು ಕಾರು ಹಳತಾದದ್ದಕ್ಕೆ ಕೆಡುವಂಥವಲ್ಲ. ಮೂರು ವರ್ಷದ ಕಾರನ್ನೂ ಇವು ಕೆಡವುತ್ತವೆ. ಮನೆಯಿಂದ ಹೊರಡುವ ಮುಂಚೆ ಹತ್ತು ನಿಮಿಷ ಸುತ್ತಾಡಿ ನೋಡಿದರೆ ತಪ್ಪಿಸಬಹುದಾದ ಫೇಲುಗಳು. ಬ್ರಿಟನ್ನಿನಲ್ಲಿ ಹತ್ತರಲ್ಲಿ ಸುಮಾರು ಮೂರು ಕಾರು ಮೊದಲ ಯತ್ನಕ್ಕೆ ಫೇಲಾಗುತ್ತವೆ, ಅವುಗಳಲ್ಲಿ ದೀಪ ಉರಿಯದ್ದಕ್ಕೆ ಬೀಳುವವೇ ಒಂದು ದೊಡ್ಡ ಗುಂಪು. ಆ ಗುಂಪು ಕಾರಿನ ಬಗ್ಗೆ ಹೇಳುವುದಕ್ಕಿಂತ ನಮ್ಮಂಥ ಮಾಲೀಕರ ಬಗ್ಗೆ ಹೇಳುವುದೇ ಹೆಚ್ಚು.

ಕಾರಿನ ಸ್ವಂತ ವಯಸ್ಸು ಮಾತಾಡಲು ಶುರು ಮಾಡಿದ್ದು 2019ರಲ್ಲಿ, ಒಂಬತ್ತು ತುಂಬಿದಾಗ.

ಅದಕ್ಕೂ ಮುಂಚೆ, ಆ ಬೇಸಿಗೆಯಲ್ಲಿ, ಮುಂದಿನ ಟೈರಿನ ಒಳಅಂಚು ಮತ್ತೆ ಬೋಳಾದದ್ದು ಕಣ್ಣಿಗೆ ಬಿತ್ತು. ಎರಡೇ ವರ್ಷ, ಹನ್ನೆರಡು ಸಾವಿರ ಮೈಲಿ. ಅಲೈನ್‌ಮೆಂಟ್ ಮಾಡಿಸಿದವರನ್ನು ಬೈದುಕೊಂಡು ಮತ್ತೆರಡು ಟೈರು ಹಾಕಿಸಿದೆ. ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಪಾಸಾಯಿತು, ಜೊತೆಗೆ ಹೊಸ ಅಡ್ವೈಸರಿ: ಮುಂದಿನ ಲೋವರ್ ಆರ್ಮಿನ (ಚಕ್ರವನ್ನು ಕಾರಿನ ಅಡಿಗೆ ಹಿಡಿದಿಡುವ ತೋಳು) ಹಿಂಬದಿ ಬುಷ್, ಅಂದರೆ ರಬ್ಬರಿನ ಮೆತ್ತೆ, ಸವೆದಿದೆ, ಆದರೆ ಅತಿಯಾಗಿಲ್ಲ. ಪರೀಕ್ಷಕರು ಒಳ್ಳೆಯವರು. ಕರೆದು ಕೆಳಗೆ ನಿಲ್ಲಿಸಿ ಟಾರ್ಚ್ ಹಾಕಿ ತೋರಿಸಿದರು. ನಾನು ನನ್ನ ಕಾರಿನ ಹೊಟ್ಟೆ ನೋಡಿದ್ದು ಅದೇ ಮೊದಲು. ಕಪ್ಪು ರಬ್ಬರಿನ ಉಂಡೆ, ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು. ಸನಿಕೆಯಿಂದ ಮೀಟಿದಾಗ ಆರ್ಮ್ ಕಣ್ಣಿಗೆ ಕಾಣುವ ಹಾಗೆ ಸರಿದು ಬಂತು. "ಬ್ರೇಕ್ ಹಾಕಿದಾಗೆಲ್ಲ ಚಕ್ರ ಹೀಗೆ ಸರಿಯುತ್ತದೆ" ಅಂದರು. "ನಿಂತಿದ್ದಾಗ ಅಲೈನ್‌ಮೆಂಟ್ ಸರಿಯಾಗೇ ಇರುತ್ತದೆ, ಓಡುವಾಗ ಇರುವುದಿಲ್ಲ."

ಆವತ್ತು ರಾತ್ರಿ ಅಪ್ಪನಿಗೆ ಫೋನ್. ಬುಷ್ ಅನ್ನುತ್ತಿದ್ದ ಹಾಗೇ ಅವರಿಗೆ ಹುರುಪು ಬಂತು. "ಟೈರು ಮೂರು ವರ್ಷದಿಂದ ದೂರು ಹೇಳ್ತಾ ಇತ್ತಲ್ಲಮ್ಮ. ನೀನು ದೂರು ಹೇಳಿದವನನ್ನೇ ವರ್ಗ ಮಾಡ್ತಾ ಬಂದಿದ್ದೀಯ." ಮತ್ತೆ, "ಮೊದಲು ಹೋಗೋದು ರಬ್ಬರು ಕಣಮ್ಮ, ಕಬ್ಬಿಣ ಆಮೇಲೆ. ಗಾಡಿ ಓಡಿದ್ರೂ ರಬ್ಬರಿಗೆ ವಯಸ್ಸಾಗತ್ತೆ, ನಿಂತಿದ್ರೂ ಆಗತ್ತೆ."

ಮೈಲಿಗೂ ವಯಸ್ಸಿಗೂ ಇರುವ ವ್ಯತ್ಯಾಸವನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಹಳೇ ಕಾರು ಕೊಳ್ಳುವ ಎಲ್ಲರೂ ಕೇಳುವುದು ಎಷ್ಟು ಓಡಿದೆ ಅಂತ. ಬ್ರೇಕ್ ಪ್ಯಾಡು, ಟೈರಿನ ಮೇಲ್ಮೈ, ಕ್ಲಚ್ಚು ಮೈಲಿ ಲೆಕ್ಕದಲ್ಲಿ ಸವೆಯುತ್ತವೆ, ನಿಜ. ಆದರೆ ಬುಷ್ಷಿನ ರಬ್ಬರು, ಚಕ್ರದ ಕೀಲಾದ ಬಾಲ್ ಜಾಯಿಂಟಿಗೆ ಹೊದಿಸಿದ ರಬ್ಬರ್ ಟೋಪಿ, ಬ್ರೇಕ್ ಹೋಸ್, ಟೈರಿನ ಪಕ್ಕೆ ಇವು ಗಾಳಿ, ಬಿಸಿಲು, ಚಳಿಗೆ ಮುಪ್ಪಾಗುತ್ತವೆ. ಬಾಲ್ ಜಾಯಿಂಟಿನದ್ದು ಇನ್ನೂ ಮೋಸ. ಟೋಪಿ ಸೀಳಿದರೆ ಗ್ರೀಸ್ ಹೊರಗೆ, ಮಣ್ಣು ನೀರು ಒಳಗೆ. ಒಳಗಿನ ಗಟ್ಟಿ ಉಕ್ಕು ಕೆಡುವುದು ಹೊರಗಿನ ಒಂದು ರೂಪಾಯಿಯ ರಬ್ಬರಿನಿಂದ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ ಅಚ್ಚಾಗಿರುತ್ತದೆ, 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಅದನ್ನು ಓದಲು ಕಲಿತದ್ದೂ ಅದೇ ವರ್ಷ. ನಮ್ಮ ಹಿಂದಿನ ಟೈರುಗಳಲ್ಲಿ ಗೀರು ಬೇಕಾದಷ್ಟಿತ್ತು, ಹುಟ್ಟಿದ ವರ್ಷ ಮಾತ್ರ 2010.

ಬುಷ್ ಎರಡೂ ಬದಿ ಹಾಕಿಸಿದೆ. ಅಲ್ಲಿಂದಾಚೆಗೆ ಒಳಅಂಚು ಸವೆದಿಲ್ಲ.

2020, ಹತ್ತನೇ ವರ್ಷ. ಕೊರೋನಾ ಕಾಲದಲ್ಲಿ ಎಂಓಟಿಗೆ ಆರು ತಿಂಗಳ ವಿನಾಯಿತಿ ಕೊಟ್ಟಿದ್ದರು, ಆದರೆ ಆಗಸ್ಟ್ 1ರಿಂದ ವಾಯಿದೆ ಮುಗಿಯುವ ಕಾರುಗಳಿಗೆ ಅದು ಸಿಗಲಿಲ್ಲ. ಸೆಪ್ಟೆಂಬರಿನ ನಮ್ಮ ಕಾರು ಎಂದಿನ ಹಾಗೇ ಹೋಗಬೇಕಾಯಿತು. ಇದಕ್ಕೆ ನಾನು ಹೆದರಲೇ ಇಲ್ಲ. ವರ್ಷಕ್ಕೆ ಆರು ಸಾವಿರ ಮೈಲಿ ಓಡುತ್ತಿದ್ದದ್ದು ಆ ಸಲ ಎರಡು ಸಾವಿರವೂ ಓಡಿರಲಿಲ್ಲ. ಓಡದ ಕಾರಿಗೆ ಏನಾಗುತ್ತದೆ?

ಹ್ಯಾಂಡ್‌ಬ್ರೇಕಿನಲ್ಲಿ ಬಿತ್ತು. ರೋಲರ್ ಮೇಲೆ ಹಿಂದಿನ ಚಕ್ರಗಳನ್ನು ನಿಲ್ಲಿಸಿ ಪರೀಕ್ಷಕರು ಲಿವರ್ ಎಳೆದರೆ ಬಲಗಡೆ ಅಂಕಿ ಏರಿತು, ಎಡಗಡೆ ಹತ್ತಿರ ಹತ್ತಿರ ಸೊನ್ನೆ. ನಮ್ಮಂಥ ಕಾರಿಗೆ ಹ್ಯಾಂಡ್‌ಬ್ರೇಕು ಕನಿಷ್ಠ ಕಾರಿನ ತೂಕದ ಶೇ 16ರಷ್ಟು ಬಲದಲ್ಲಿ ಹಿಡಿಯಬೇಕು, ಅದಕ್ಕೂ ಗತಿಯಿಲ್ಲ. ತಿಂಗಳುಗಟ್ಟಲೆ ಮಳೆಯಲ್ಲಿ ಒಂದೇ ಕಡೆ, ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದೆವು. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಲಿವರ್ ಅಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮುಂದಿನ ಡಿಸ್ಕುಗಳು ನಾಲ್ಕು ಸಲ ಬ್ರೇಕ್ ಹಾಕಿದರೆ ಉಜ್ಜಿ ಹೊಳೆಯುತ್ತವೆ. ಹಿಂದಿನವಕ್ಕೆ ಕೆಲಸವೇ ಕಡಿಮೆ, ತುಕ್ಕು ಅಲ್ಲೇ ಬೇರೂರುತ್ತದೆ. ಕ್ಯಾಲಿಪರ್, ಎರಡು ಡಿಸ್ಕು, ಪ್ಯಾಡು. ಅತಿ ಕಡಿಮೆ ಓಡಿದ ವರ್ಷ ಅತಿ ಹೆಚ್ಚು ಖರ್ಚಿನ ವರ್ಷವಾಯಿತು. ಅಪ್ಪ ಈ ಸಲ ನಗಲಿಲ್ಲ. "ನಿಂತ ಬಸ್ಸಿಗೆ ನಾವೂ ಹೆದರ್ತಿದ್ವಿ" ಅಂದರು, ಅಷ್ಟೆ.

ಆ ವರ್ಷದಿಂದ ಪರೀಕ್ಷೆಯ ಜಾಗ ಬದಲಿಸಿದೆ. ಕಾರಿನ ಎಂಓಟಿಗೆ ಗರಿಷ್ಠ ಶುಲ್ಕ 54.85 ಪೌಂಡ್. ಬಹಳ ಗ್ಯಾರೇಜುಗಳು ಅದಕ್ಕಿಂತ ಕಡಿಮೆಗೆ ಮಾಡುತ್ತವೆ, ಏಕೆಂದರೆ ಲಾಭ ಇರುವುದು ಫೇಲಾದ ಮೇಲಿನ ರಿಪೇರಿಯಲ್ಲಿ. ಎಲ್ಲರೂ ಹಾಗೆ ಅಂತಲ್ಲ. ಆದರೆ ಕೆಲವು ಕಡೆ ಸ್ಥಳೀಯ ಆಡಳಿತದವರು ತಮ್ಮ ವಾಹನಗಳಿಗೆ ಅಂತ ಇಟ್ಟುಕೊಂಡಿರುವ ಪರೀಕ್ಷಾ ಕೇಂದ್ರಗಳು ಸಾರ್ವಜನಿಕರಿಗೂ ತೆರೆದಿರುತ್ತವೆ. ಅವರು ರಿಪೇರಿ ಮಾಡುವುದಿಲ್ಲ, ಹಾಗಾಗಿ ಸುಳ್ಳು ಫೇಲು ಮಾಡಿ ಅವರಿಗೆ ಆಗಬೇಕಾದ್ದೂ ಏನಿಲ್ಲ. ಜೊತೆಗೆ ವಾಯಿದೆಗೆ ಮೂರು ವಾರ ಇರುವಾಗಲೇ ಹೋಗುವ ಅಭ್ಯಾಸ ಮಾಡಿಕೊಂಡೆ. ಒಂದು ತಿಂಗಳಿಗೆ ಒಂದು ದಿನ ಕಡಿಮೆ ಇರುವವರೆಗೂ ಮುಂಚಿತವಾಗಿ ಮಾಡಿಸಿದರೆ ಮುಂದಿನ ವರ್ಷದ ತಾರೀಖು ಬದಲಾಗುವುದಿಲ್ಲ. ಫೇಲಾದರೂ ಕೈಯಲ್ಲಿ ದಿನ ಇರುತ್ತದೆ, ನಾಲ್ಕು ಕಡೆ ಬೆಲೆ ಕೇಳಬಹುದು.

2021. ಮನೆಯ ಮುಂದಿನ ಉಬ್ಬು ದಾಟುವಾಗ 'ಟಣ್' ಅನ್ನುವ ಸದ್ದು ಬಂದು ವಾರವಾಗಿತ್ತು. ಡಿಕ್ಕಿಯಲ್ಲಿ ಏನೋ ಉರುಳಿರಬೇಕು ಅಂತ ನನ್ನ ಗಂಡ, ಏನೂ ಇಲ್ಲ ಅಂತ ನಾನು. ಕಾರು ಮೇಲೇರಿದ ಮೇಲೆ ಜಗಳ ಮುಗಿಯಿತು: ಮುಂದಿನ ಎಡಗಡೆ ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದು ಬಿದ್ದುಹೋಗಿತ್ತು. ಚಳಿಗಾಲದಲ್ಲಿ ಮಂಜುಗಟ್ಟದ ಹಾಗೆ ಇಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಸ್ಪ್ರಿಂಗಿನ ಕೆಳಗಿನ ತಟ್ಟೆಯಲ್ಲಿ ನಿಂತು, ಬಣ್ಣ ಎದ್ದ ಕಡೆ ಉಕ್ಕನ್ನು ತಿನ್ನುತ್ತದೆ. ಒಂದು ದಿನ ಒಂದು ಗುಂಡಿ ಸಾಕು. ರಸ್ತೆಗೆ ಉಪ್ಪು ಹಾಕುತ್ತಾರೆ ಅಂದಾಗ ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. "ಹಾಗಾದ್ರೆ ಅದು ಕರಾವಳಿ ಬಸ್ಸು ಅಂತ ತಿಳ್ಕೋ. ಒಳನಾಡಿನ ಬಸ್ಸಿನ ಲೆಕ್ಕ ನಡೆಯಲ್ಲ."

ರಬ್ಬರಿನ ಕಾಲ ಮುಗಿದು ಕಬ್ಬಿಣದ ಕಾಲ ಶುರುವಾಗಿತ್ತು.

2022ರಲ್ಲಿ ಪಾಸು, ಆದರೆ ಅಡ್ವೈಸರಿ ಆರು. ಬ್ರೇಕ್ ಪೈಪಿಗೆ ಮೇಲ್ಮೈ ತುಕ್ಕು, ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ತುಕ್ಕು, ಸೈಲೆನ್ಸರ್‌ಗೆ ತುಕ್ಕು, ಹೀಗೆ. ಆ ಆರು ಸಾಲು ಓದಿ ಗಂಡ "ಮಾರಿಬಿಡೋಣ" ಅಂದ. ನಾನು ಹಿಂದಿನ ವರ್ಷಗಳದ್ದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದೆ. ಒಬ್ಬ ಪರೀಕ್ಷಕ ಬರೆದದ್ದನ್ನು ಇನ್ನೊಬ್ಬ ಬರೆಯುವುದಿಲ್ಲ. ಒಬ್ಬರಿಗೆ ಕಾಣುವ ತುಕ್ಕು ಇನ್ನೊಬ್ಬರಿಗೆ ಕಾರಿನ ಬಣ್ಣ. ಸಾಲು ಎಷ್ಟು ಅನ್ನುವುದಕ್ಕಿಂತ, ಒಂದೇ ಸಾಲು ವರ್ಷದಿಂದ ವರ್ಷಕ್ಕೆ ಬರುತ್ತಿದೆಯಾ, 'ಸ್ವಲ್ಪ' ಅನ್ನುವ ಪದ ಯಾವಾಗ ಬಿದ್ದುಹೋಯಿತು ಅನ್ನುವುದು ಮುಖ್ಯ ಅಂತ ನನಗೆ ಅನ್ನಿಸಿದ್ದು ಆಗ. ಬ್ರೇಕ್ ಪೈಪಿನ ವಿಷಯದಲ್ಲಿ ಮಾತ್ರ ನಾನು ಕಾಯಲಿಲ್ಲ, ಬದಲಾಯಿಸಿದೆ.

ಆ ಚಳಿಗಾಲದಲ್ಲಿ ಸ್ವಲ್ಪ ಹುಚ್ಚು ಹಿಡಿದ ಹಾಗೆ ಇದರ ಹಿಂದೆ ಬಿದ್ದೆ. ಪರೀಕ್ಷೆಯನ್ನು ನೋಡಿಕೊಳ್ಳುವ ಡಿವಿಎಸ್ಎ ಅನ್ನುವ ಸಂಸ್ಥೆ ಎಲ್ಲ ಫಲಿತಾಂಶಗಳನ್ನು ನಂಬರ್ ತೆಗೆದು ಪ್ರಕಟಿಸುತ್ತದೆ. ಜರ್ಮನಿಯಲ್ಲಿ ಮೂರನೇ ವರ್ಷ ಮೊದಲ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಲ್ಲಿಯ ತಪಾಸಣಾ ಸಂಸ್ಥೆಗಳ ಟ್ಯೂಫ್ ವರದಿ 2–3 ವರ್ಷದ ಕಾರುಗಳಿಂದ 12–13 ವರ್ಷದವುಗಳವರೆಗೆ ವಯಸ್ಸಿನ ಗುಂಪು ಮಾಡಿಯೇ ಮಾದರಿಗಳನ್ನು ಹೋಲಿಸುತ್ತದೆ. ಎರಡೂ ಕಡೆ ಕಥೆ ಒಂದೇ: ವಯಸ್ಸಿನೊಂದಿಗೆ ಫೇಲು ಏರುತ್ತದೆ. ಆದರೆ ಬಹಳ ಹಳೆಯ ಕಾರುಗಳಿಗೆ ಬಂದಾಗ ಆ ಏರಿಕೆ ನಿಲ್ಲುತ್ತದೆ, ಕೆಲವೊಮ್ಮೆ ಇಳಿಯುತ್ತದೆ ಕೂಡ. ಇಪ್ಪತ್ತೈದು ವರ್ಷದ ಕಾರು ಹದಿಮೂರು ವರ್ಷದ್ದಕ್ಕಿಂತ ಗಟ್ಟಿಯೇ? ಅಲ್ಲ. ಕೆಟ್ಟವು ಅಷ್ಟರಲ್ಲಿ ಗುಜರಿಗೆ ಹೋಗಿರುತ್ತವೆ, ಉಳಿದವು ಯಾರೋ ಮಕ್ಕಳ ಹಾಗೆ ಸಾಕಿದವು. ಲೆಕ್ಕದೊಳಗೆ ಬರುವುದು ಬದುಕಿ ಉಳಿದವು ಮಾತ್ರ. ನಮ್ಮದು ಆ ಗುಂಪಿಗೆ ಸೇರುವ ಕಾರಲ್ಲ ಅನ್ನುವುದು ನನಗೆ ಗೊತ್ತಿತ್ತು.

ಹುಡುಕುವಾಗ ಸಿಕ್ಕ ಹಳೇ ಸಂಗತಿ ಇನ್ನೂ ರುಚಿಯಾಗಿದೆ. 1960ರಲ್ಲಿ ಈ ಪರೀಕ್ಷೆ ಶುರುವಾದಾಗ ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ ಇತ್ತು. ನೋಡುತ್ತಿದ್ದದ್ದು ಬ್ರೇಕು, ದೀಪ, ಸ್ಟಿಯರಿಂಗು. ಫೇಲಾದವುಗಳ ಸಂಖ್ಯೆ ನೋಡಿ ಗಾಬರಿಯಾಗಿ ಮರುವರ್ಷವೇ ಏಳಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ಟೈರು ಸೇರಿದ್ದು 1968ರಲ್ಲಿ. 2023ರಲ್ಲಿ ಸರ್ಕಾರ ಮೂರನ್ನು ನಾಲ್ಕು ಮಾಡಬಹುದೇ ಅಂತ ಜನರನ್ನು ಕೇಳಿತು, ಕೊನೆಗೆ ಮೂರೇ ಉಳಿಯಿತು. ಕಾರು ಯಾವಾಗ ಹಳತಾಗುತ್ತದೆ ಅನ್ನುವ ಬಗ್ಗೆ ಸರ್ಕಾರಕ್ಕೇ ಅರವತ್ತು ವರ್ಷದಿಂದ ಚರ್ಚೆ ಮುಗಿದಿಲ್ಲ. ವಿಚಿತ್ರ ಅಂದರೆ 40 ವರ್ಷ ದಾಟಿ, ದೊಡ್ಡ ಬದಲಾವಣೆ ಮಾಡಿಸದ ಕಾರಿಗೆ 2018ರಿಂದ ಎಂಓಟಿಯೇ ಬೇಡ.

2023ರ ಫೇಲು ಹೊಗೆಯದ್ದು. ಎಂಜಿನ್ನನ್ನು ನಿಮಿಷಕ್ಕೆ 2,500–3,000 ಸುತ್ತಿನಲ್ಲಿ ಓಡಿಸಿ ಸೈಲೆನ್ಸರಿಗೆ ನಳಿಕೆ ತೂರಿಸಿ ಅಳೆಯುತ್ತಾರೆ. ಲ್ಯಾಂಬ್ಡಾ ಅನ್ನುವ ಅಂಕಿ 0.97ರಿಂದ 1.03ರೊಳಗೆ ಇರಬೇಕು, ಗಾಳಿ ಪೆಟ್ರೋಲಿನ ಹದ ಅದು. ನಮ್ಮದು 1.06. ಎಂಜಿನ್ ಕೆಟ್ಟಿತು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಯಿತು, ಇನ್ನು ಸಾವಿರ ಪೌಂಡು ಅಂತ ಮನಸ್ಸಿನಲ್ಲೇ ಅಂತ್ಯಸಂಸ್ಕಾರ ಮಾಡಿದೆ. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಎಕ್ಸಾಸ್ಟ್ ಪೈಪಿನ ಜೋಡಣೆಯಲ್ಲಿ ತುಕ್ಕು ತೂತು, ಅದರಿಂದ ಹೊರಗಿನ ಗಾಳಿ ಒಳಗೆ ಸೇರಿ ಯಂತ್ರಕ್ಕೆ ಸುಳ್ಳು ಹೇಳುತ್ತಿತ್ತು. ಮಗಳ ಶಾಲೆ ಒಂದೂವರೆ ಮೈಲಿ. ಅಷ್ಟು ದೂರಕ್ಕೆ ಪೈಪು ಬಿಸಿಯೇ ಆಗುವುದಿಲ್ಲ, ಒಳಗೆ ಹನಿಗಟ್ಟಿದ ನೀರು ಒಳಗೇ ಉಳಿದು ತಿನ್ನುತ್ತದೆ. ಇದೂ ಮೈಲಿಯ ಲೆಕ್ಕಕ್ಕೆ ಸಿಗದ ಸವೆತ.

ಎಂಟನೇ ಪರೀಕ್ಷೆ, 2024, ಕಾರಿಗೆ ಹದಿನಾಲ್ಕು, ಮೀಟರಿನಲ್ಲಿ ಎಪ್ಪತ್ತೈದು ಸಾವಿರದ ಹತ್ತಿರ. ಆ ಬೆಳಿಗ್ಗೆ ಬಲ್ಬು ಎಲ್ಲ ನೋಡಿ, ನೀರು ತುಂಬಿಸಿ, ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟು ಹೋದೆ. ಎಲ್ಲ ಸರಾಗವಾಗಿ ಸಾಗುತ್ತಿತ್ತು. ಕೊನೆಯಲ್ಲಿ ಪರೀಕ್ಷಕರು ಬಾಗಿಲ ಕೆಳಗಿನ ಸಿಲ್ ಅನ್ನು ಒಂದು ಸಣ್ಣ ಉಪಕರಣದಿಂದ ತಟ್ಟುತ್ತಾ ಬಂದರು. ಟಕ್, ಟಕ್, ಟಕ್. ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು 'ಥಪ್' ಅಂತಾಯಿತು. ನನಗೂ ಕೇಳಿಸಿತು. ಮಾವಿನಹಣ್ಣು ಒತ್ತಿ ನೋಡುವವರಿಗೆ ಅಲ್ಲಿ ಕೊಳೆತಿದೆ ಅಂತ ಗೊತ್ತಾಗುತ್ತದಲ್ಲ, ಹಾಗೆ. ಇನ್ನೆರಡು ಸಲ ತಟ್ಟಿದಾಗ ಕಂದು ಹೊಟ್ಟು ಉದುರಿ ತೂತು ಬಿತ್ತು.

ತುಕ್ಕಿಗೆ ಇಲ್ಲಿ ಒಂದು ಅಳತೆ ಇದೆ. ಸಸ್ಪೆನ್ಷನ್, ಸೀಟ್ ಬೆಲ್ಟ್, ಸ್ಟಿಯರಿಂಗ್‌ನಂಥವನ್ನು ಕಾರಿನ ಬಾಡಿಯ ಮೇಲೆ ಬಿಗಿದ ಜಾಗದಿಂದ 30 ಸೆಂಟಿಮೀಟರಿನೊಳಗೆ ಬಾಡಿ ಶಕ್ತಿಗುಂದಿದ್ದರೆ ಫೇಲು. ಬಾಗಿಲ ಮೇಲೆ ಅಂಗೈಯಗಲ ತುಕ್ಕಿದ್ದರೆ ಚಿಂತೆಯಿಲ್ಲ, ಇಲ್ಲಿ ಒಂದು ಕಾಸಿನಗಲ ಸಾಕು. ನಮ್ಮದು ಹಿಂದಿನ ಸಸ್ಪೆನ್ಷನ್ ಬಿಗಿದ ಜಾಗಕ್ಕೆ ಗೇಣುದೂರ. "ಹಿಂದಿನ ವರ್ಷ ಇದು ಯಾಕೆ ಕಾಣಲಿಲ್ಲ?" ಅಂದೆ. ಪರೀಕ್ಷಕರು ಸಿಲ್‌ನ ಉದ್ದಕ್ಕೂ ಇದ್ದ ಪ್ಲಾಸ್ಟಿಕ್ ಕವಚ ತೋರಿಸಿದರು. ಅದನ್ನು ತೆಗೆದು ನೋಡುವ ಅಧಿಕಾರ ಅವರಿಗಿಲ್ಲ. ಅದರ ಹಿಂದೆ ಉಪ್ಪುಮಣ್ಣು ವರ್ಷಗಟ್ಟಲೆ ತೇವವಾಗಿ ಕೂತಿತ್ತು, ಈಗ ಕವಚದಾಚೆಗೂ ಬಂದಿದೆ. ಅಂದರೆ ನಾನು ಕಾರು ಕೊಂಡ ಕಾಲಕ್ಕೂ, ಪಾಸು ಪಾಸು ಅಂತ ಬಂದ ಅಷ್ಟೂ ವರ್ಷವೂ ಅದು ಒಳಗೊಳಗೇ ನಡೆದಿತ್ತು.

ಎರಡು ದಿನ ಮನೆಯಲ್ಲಿ ಅದೇ ಚರ್ಚೆ. ಕಾರಿನ ಬೆಲೆ ಹೆಚ್ಚೆಂದರೆ ಒಂಬೈನೂರು ಪೌಂಡ್. ಒಬ್ಬರು ತೇಪೆಗೆ 150 ಅಂದರು, ಇನ್ನೊಬ್ಬರು 380. ಕಡಿಮೆಯವರನ್ನು ಹೇಗೆ ಮಾಡುತ್ತೀರಿ ಅಂತ ಕೇಳಿದರೆ ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ ಮೇಲೆ ಕಪ್ಪು ಬಳಿಯುತ್ತೇವೆ ಅಂದರು. ಇಂಥ ಜಾಗದ ತೇಪೆಗೆ ಅಂಚಿನುದ್ದಕ್ಕೂ ಬಿಡದೆ ಬೆಸುಗೆ ಬೇಕು, ಇಲ್ಲದಿದ್ದರೆ ಮತ್ತೆ ಫೇಲು. ಅಪ್ಪನ ಸಲಹೆಯೂ ಅದೇ, ಆದರೆ ಕಾರಣ ಬೇರೆ. "ಕೊಳೆತದ್ದನ್ನ ಪೂರ್ತಿ ಕತ್ತರಿಸಿ ತೆಗೀತಾರಾ ಕೇಳು. ಕೊಳೆತದ್ದರ ಮೇಲೆ ತಗಡು ಮುಚ್ಚಿದ್ರೆ ಗಾಯದ ಮೇಲೆ ಅಂಗಿ ತೊಡಿಸಿದ ಹಾಗೆ." 380ರವರು ಕತ್ತರಿಸಿದರು. ಕತ್ತರಿಸಿದ ತುಂಡನ್ನು ಒಂದು ಚೀಲದಲ್ಲಿ ಹಾಕಿ ನನಗೇ ಕೊಟ್ಟರು. ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಮರುಪರೀಕ್ಷೆಯಲ್ಲಿ ಪಾಸು.

ಕಳೆದ ವಸಂತದಲ್ಲಿ ಕಾರನ್ನು ಮಾರಾಟಕ್ಕೆ ಹಾಕಿದೆವು. ನೋಡಲು ಬಂದದ್ದು ಇಲ್ಲಿ ಓದಲು ಬಂದಿರುವ ಹಾಸನದ ಕಡೆಯ ಹುಡುಗ. ಮನೆಯೊಳಗೆ ಬಾರಪ್ಪ ಅಂದರೂ ಬರಲಿಲ್ಲ, ಫೋನಿನಲ್ಲಿ ನಮ್ಮ ಕಾರಿನ ಹನ್ನೆರಡು ವರ್ಷದ ದಾಖಲೆ ತೆರೆದುಕೊಂಡು ನಿಂತಿದ್ದ.

"ಅಕ್ಕಾ, 2018ರಲ್ಲಿ ವಾಷರ್ ಅಂತಿದೆ?"

"ನೀರು ಹಾಕಿರಲಿಲ್ಲ."

"ಹ್ಯಾಂಡ್‌ಬ್ರೇಕು?"

"ಲಾಕ್‌ಡೌನ್ ಕಣಪ್ಪ. ನಿಂತೇ ಇತ್ತು."

"ಸಿಲ್ ಯಾವ ಕಡೆ ವೆಲ್ಡ್ ಮಾಡ್ಸಿದ್ದು?"

ಎಡಗಡೆ ಅಂದೆ. ಅವನು ಫೋನಿನ ಟಾರ್ಚ್ ಹೊತ್ತಿಸಿ, ಒದ್ದೆ ನೆಲದ ಮೇಲೆ ಮಂಡಿಯೂರಿ, ಬಲಗಡೆಯ ಸಿಲ್ ತಟ್ಟಲು ಶುರು ಮಾಡಿದ. ನಾನೂ ಸದ್ದು ಕೇಳುತ್ತಾ ಪಕ್ಕದಲ್ಲಿ ನಿಂತೆ. ಚಕ್ರದಿಂದ ಚಕ್ರದವರೆಗೆ ಟಕ್ ಟಕ್ ಅಂತಲೇ ಬಂತು. ಸೀಟನ್ನು ಅವನು ನೋಡಲೇ ಇಲ್ಲ.